ಕರೆಯದೇ ಇಟ್ಟುಕೊಂಡ ಹೆಸರು

ಫೆಬ್ರವರಿ ೯, ಭಾನುವಾರ

ಕಂಪ್ಲಿಯ ತವರಿನಿಂದ ಈಗಷ್ಟೇ ಹೊಸಪೇಟೆಗೆ ಬಂದೆ. ತಮ್ಮ ಪಂಪೇಶನ ಬಸುರಿ ಹೆಂಡತಿ ಲಲಿತಾಳ ಕುಬಸ ಇತ್ತು. ಊಟ ಚೆನ್ನಾಗಿತ್ತು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಹೊಟ್ಟೆಕಿಚ್ಚಿನ ಹೆಂಗಸು ಬರೆದ ಹಾಗೆ ಕಾಣುತ್ತದೆ. ಹೋಳಿಗೆ, ಕಟ್ಟಿನ ಸಾರು, ಮೂರು ಬಗೆಯ ಚಿತ್ರಾನ್ನ. ಎರಡು ಹೋಳಿಗೆ ಹೆಚ್ಚೇ ತಿಂದೆ.

ಬಳೆ ತೊಡಿಸುವಾಗ ಅವ್ವ ನನ್ನನ್ನೂ ಕರೆದಳು. ಆದರೆ ಮಕ್ಕಳೊಂದಿಗರೆಲ್ಲ ತೊಡಿಸಿ ಮುಗಿಸಿದ ಮೇಲೆ. ಅವ್ವ ಬೇಕೆಂದು ಮಾಡಿದ್ದಲ್ಲ, ಅವಳ ಬಾಯಿ ತಾನಾಗಿಯೇ ಆ ಸಾಲಿನಲ್ಲಿ ಕರೆಯುತ್ತದೆ. ನಾನೂ ಏನೂ ತಿಳಿಯದವಳಂತೆ ಹೋಗಿ ಹಸಿರು ಬಳೆ ತೊಡಿಸಿ, ಲಲಿತಾಳ ಗಲ್ಲ ಹಿಂಡಿ ಬಂದೆ. ಒಳ್ಳೆಯ ಹುಡುಗಿ ಅದು. ಅದೇ ತಾಪತ್ರಯ, ಬೈಯಲೂ ಒಂದು ನೆಪ ಕೊಡುವುದಿಲ್ಲ.

ಹೊರಡುವಾಗ ಪಂಪೇಶ ಬಸ್‌ಸ್ಟ್ಯಾಂಡಿನವರೆಗೆ ಆಟೋದಲ್ಲಿ ಬಿಟ್ಟ. ಹಂಪಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡಿಸುವ ಆಟೋ. ದಾರಿಯಲ್ಲಿ, ಹೆಸರು ಹುಡುಕುವ ಕೆಲಸ ನಿನ್ನದೇ ಅಕ್ಕ ಎಂದ. ನಮ್ಮಲ್ಲಿ ಹಾಗೇ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಆಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಅತ್ತೆ ಕಿವಿಯಲ್ಲಿ ಏನು ಹೇಳಿದಳೋ ಅದೇ ಹೆಸರು, ಆಮೇಲೆ ಬದಲಾಯಿಸುವಂತಿಲ್ಲ.

ಹುಡುಕುವುದೇನು ಬಂತು? ನನ್ನ ಹತ್ತಿರ ಒಂದಿದೆ. ಒರತೆ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ನಾನು, ನನ್ನ ಗಂಡ ಹುಲಿಗೇಶ್ ಇಬ್ಬರೂ ಕಂಪ್ಲಿಗೆ ಹೋಗಿದ್ದೆವು. ಹೊಳೆ ಬತ್ತಿ ಬರೀ ಉಸುಕು. ಇವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈಯಿಂದ ಉಸುಕು ಬಗೆದರು. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ಕೆಳಗಿನಿಂದ ನೀರು ಜಿನುಗಿತು. ಮೊದಲು ಕೆಂಪಗೆ, ಕಲಕು. ತಿಳಿಯಾಗಲಿ ಎಂದು ಇಬ್ಬರೂ ಕಾದೆವು. ಆಮೇಲೆ ಬೊಗಸೆಯಲ್ಲಿ ನನಗೆ ಕುಡಿಸಿ, ಹೆಣ್ಣು ಹುಟ್ಟಿದರೆ ಒರತೆ ಅಂತ ಇಡೋಣವಾ ಎಂದರು. ನಾನು ನಕ್ಕೆ. ಅಂಥ ಹೆಸರು ಯಾರಾದರೂ ಇಡುತ್ತಾರೆಯೇ? ಆದರೆ ಮನೆ ಮುಟ್ಟುವಷ್ಟರಲ್ಲಿ ನನಗೂ ಅದು ಹತ್ತಿಬಿಟ್ಟಿತ್ತು. ಯಾರಿಗೂ ಹೇಳಲಿಲ್ಲ, ಅವ್ವ ಕೇಳಿದರೆ ಬಿದ್ದು ಬಿದ್ದು ನಗುತ್ತಾಳೆಂಬ ಅಂಜಿಕೆ. ಕೂಸು ಕೈಗೆ ಬರಲಿ, ಆಗ ಹೇಳಿದರೆ ಯಾರೇನು ಮಾಡಿಯಾರು ಎಂದುಕೊಂಡೆವು.

ಕೂಸು ಕೈಗೆ ಬರಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ತಿರುಗಿದ್ದಾಯಿತು, ತಿರುಗುವುದನ್ನು ನಿಲ್ಲಿಸಿದ್ದೂ ಆಯಿತು. ನನಗೀಗ ಮೂವತ್ತೊಂಬತ್ತು. ಹೆಸರು ಮಾತ್ರ ಹಾಗೇ ಇದೆ. ಚಪಾತಿ ಲಟ್ಟಿಸುವಾಗ, ಬಟ್ಟೆ ಮಡಿಸುವಾಗ ಒಳಗೊಳಗೇ ಕರೆಯುತ್ತೇನೆ. ಅವಳಿಗೆ ಈಗ ಹನ್ನೆರಡು ವರ್ಷ ಆಗಿರುತ್ತಿತ್ತು, ಜಡೆ ಹಾಕಿಸಿಕೊಳ್ಳಲು ಜಗಳ ಆಡುತ್ತಿದ್ದಳು.

ಪಂಪೇಶನ ಮಗುವಿಗೆ ಅದನ್ನು ಕೊಡುವುದಿಲ್ಲ. ಬೇರೆ ಹುಡುಕುತ್ತೇನೆ.

ಫೆಬ್ರವರಿ ೨೬, ಬುಧವಾರ, ಶಿವರಾತ್ರಿ

ಇವರು ಸಂಡೂರಿನಿಂದ ಬಂದಿದ್ದಾರೆ. ಗುಡ್ಡದ ಮೈನ್ಸ್‌ನಲ್ಲಿ ಡಂಪರ್ ಓಡಿಸುವ ಕೆಲಸ, ಅಲ್ಲೇ ಕ್ವಾರ್ಟರ್ಸ್, ವಾರಕ್ಕೊಮ್ಮೆ ಮನೆ. ಇವರ ಅಂಗಿ ನೆನೆಹಾಕಿದರೆ ಬಕೆಟ್ ನೀರೆಲ್ಲ ಕುಂಕುಮ ಕಲಸಿದ ಹಾಗೆ ಆಗುತ್ತದೆ.

ಉಪವಾಸದ ಹೊಟ್ಟೆಯಲ್ಲಿ ಕೂತಿದ್ದಾಗ, ಪಂಪೇಶ ಹೆಸರು ಹುಡುಕಲು ಹೇಳಿದ್ದಾನೆ ಎಂದೆ. ಇವರ ಮುಖ ನೋಡುತ್ತಲೇ ಹೇಳಿದೆ. ಇವರು ಕೆಟ್ಟು ನಿಂತ ಮಿಕ್ಸರನ್ನು ಬಿಚ್ಚಿಕೊಂಡು ಕೂತಿದ್ದರು. ತಲೆ ಎತ್ತಲಿಲ್ಲ. ಯಾವುದಾದರೂ ಹುಡುಕು, ಮೊಬೈಲಿನಲ್ಲಿ ಬೇಕಾದಷ್ಟು ಇರುತ್ತವಲ್ಲ ಎಂದರು.

ಅಷ್ಟೇ. ಮರೆತುಬಿಟ್ಟಿದ್ದಾರೆ. ಗಂಡಸರಿಗೆ ಎಷ್ಟು ಸುಲಭ. ಕರ್ಬೂಜ ಹೆಚ್ಚಿ ಮುಂದಿಟ್ಟೆ, ತಿಂದು ಮಲಗಿದರು. ಮಿಕ್ಸರೂ ಸರಿಹೋಗಲಿಲ್ಲ.

ಮಾರ್ಚ್ ೬, ಗುರುವಾರ

ಹೆಣ್ಣು.

ಬೆಳಗಿನ ಜಾವ ಹುಟ್ಟಿತಂತೆ. ಲಲಿತಾ ಹೆರಿಗೆಗೆ ಸಂಡೂರಿನ ತವರಿಗೆ ಹೋಗಿದ್ದಾಳೆ, ಅಲ್ಲಿಂದಲೇ ಪಂಪೇಶ ಫೋನ್ ಮಾಡಿದ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಗಂಡಾಗಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ. ಇಲ್ಲಿ ಬರೆದರೆ ಯಾರಿಗೆ ನಷ್ಟ? ಗಂಡಾಗಿದ್ದರೆ ನನಗೆ ಹಗುರಾಗುತ್ತಿತ್ತು.

ಶಾಲೆ ಬಿಟ್ಟ ಮೇಲೆ ಆಧಾರ್ ಕಾರ್ಡ್ ತೋರಿಸಿ ಫ್ರೀ ಬಸ್ಸಿನಲ್ಲಿ ಹೋಗಿ ನೋಡಿ ಬಂದೆ. ಕೂಸು ಕೆಂಪಗಿದೆ, ಯಾರ ಹಾಗೂ ಇಲ್ಲ. ಎತ್ತಿಕೊಂಡೆ. ಬಹಳ ಹೊತ್ತೇನಲ್ಲ.

ಮಾರ್ಚ್ ೮, ಶನಿವಾರ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಆಚಾರ್ಯರು ಪಂಚಾಂಗ ನೋಡಿ ಹೇಳಿದರಂತೆ. ರೋಹಿಣಿ ನಕ್ಷತ್ರ, ಮೊದಲನೇ ಪಾದ. ಹೆಸರು ‘ಓ’ ಅಕ್ಷರದಿಂದ ಶುರುವಾಗಬೇಕು. ಅಕ್ಷರಮಾಲೆಯಲ್ಲಿ ಅಷ್ಟೆಲ್ಲ ಅಕ್ಷರಗಳಿದ್ದವಲ್ಲ.

ಮಧ್ಯಾಹ್ನದಿಂದ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಗದ್ದಲ. ಅವ್ವ ತನ್ನ ಅಜ್ಜಿಯ ಹೆಸರು ಓಬಮ್ಮ ಎಂದು ಪಟ್ಟು ಹಿಡಿದಿದ್ದಾಳೆ. ಅವ್ವನ ಹೆಸರು ಎರ್ರೆಮ್ಮ, ಅವಳಿಗೆ ಓಬಮ್ಮ ಹೊಸ ಫ್ಯಾಷನ್ ಇದ್ದೀತು. ಪಂಪೇಶ ಹೋದ ವರ್ಷ ಹಂಪಿ ತೋರಿಸಿದ ಯಾವಳೋ ವಿದೇಶಿ ಹೆಂಗಸಿನ ಹೆಸರು ನೆನಪು ಮಾಡಿಕೊಂಡು ‘ಒಲಿವಿಯಾ’ ಎಂದ. ಅದಕ್ಕೆ ಲಲಿತಾ ಕಳಿಸಿದ ಸಿಟ್ಟಿನ ಬೊಂಬೆ ನೋಡಬೇಕಿತ್ತು. ಓಂಕಾರಿ, ಓಜಸ್ವಿ ಎಂದು ಅವಳು ಎರಡು ಹಾಕಿದಳು. ಯಾವುದೂ ಅವಳಿಗೇ ಹಿಡಿಸಿಲ್ಲ ಎಂದು ಗೊತ್ತಾಗುತ್ತಿತ್ತು. ಕೊನೆಗೆ ಎಲ್ಲರೂ ನನ್ನ ಕಡೆ ಬಂದರು. ಅಕ್ಕ ಟೀಚರ್, ಅಕ್ಕನಿಗೆ ಗೊತ್ತಿರುತ್ತದೆ.

ನೋಡುತ್ತೇನೆ ಎಂದು ಬರೆದೆ. ಆಮೇಲೆ ಫೋನನ್ನು ಅಕ್ಕಿ ಡಬ್ಬಿಯ ಮೇಲೆ ಬೋರಲಾಗಿ ಇಟ್ಟು ಹಿತ್ತಲಿಗೆ ಹೋದೆ.

ಮಾರ್ಚ್ ೨೧, ಶುಕ್ರವಾರ

ಇವತ್ತು ಶಾಲೆಯಲ್ಲಿ ಒಂದು ಎಡವಟ್ಟು ಮಾಡಿಕೊಂಡೆ.

ಚಿತ್ತವಾಡ್ಗಿಯ ನಮ್ಮ ಶಾಲೆಯಲ್ಲಿ ನನ್ನದು ಒಂದನೇ ಕ್ಲಾಸು. ಪರೀಕ್ಷೆ ಹತ್ತಿರ ಬಂತೆಂದು ಅಕ್ಷರ ತಿದ್ದಿಸುತ್ತಿದ್ದೆ. ‘ಒ’ ಬಂತು. ಒನಕೆ, ಒಲೆ, ಒಂಟೆ. ಇನ್ನೊಂದು ಹೇಳಿ ಟೀಚರ್ ಅಂದವು. ಕೈ ತಾನಾಗಿಯೇ ಬೋರ್ಡಿನ ಮೇಲೆ ಬರೆದುಬಿಟ್ಟಿತು. ಓದಿ ಎಂದೆ. ಇಡೀ ಕ್ಲಾಸು ಒಂದೇ ಗಂಟಲಲ್ಲಿ ‘ಒ-ರ-ತೆ’ ಎಂದು ಕೂಗಿತು. ಕ್ಲಾಸಿನಲ್ಲಿ ಮೂವರು ಹಂಪೇಶರಿದ್ದಾರೆ, ಮೂವರೂ ಪೈಪೋಟಿಯಲ್ಲಿ ಕೂಗಿದರು.

ಇಷ್ಟು ವರ್ಷದಲ್ಲಿ ಆ ಹೆಸರನ್ನು ಬೇರೆಯವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಇವರು ಅವತ್ತು ಹೊಳೆಯಲ್ಲಿ ಅಂದದ್ದೇ ಕೊನೆ. ಬರೆಯುತ್ತಿರಿ ಎಂದು ಹೇಳಿ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಸಂಕಟಕ್ಕಲ್ಲ. ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತಿತ್ತು.

ವಾಪಸ್ ಬಂದು ಇನ್ನೊಮ್ಮೆ ಓದಿಸಿದೆ. ಆಮೇಲೆ ಅಳಿಸಿದೆ.

ಏಪ್ರಿಲ್ ೧೩, ಭಾನುವಾರ

ಲಟ್ಟಣಿಗೆ ಹಿಡಿದಿದ್ದಾಗ ಲಲಿತಾ ಫೋನ್ ಮಾಡಿದಳು. ದನಿಯಲ್ಲೇ ನಗು ತುಳುಕುತ್ತಿತ್ತು.

“ಅಕ್ಕಾ, ಇಂಥಾ ಹೆಸರು ಇಟ್ಕೊಂಡು ಬಾಯಿ ಮುಚ್ಕೊಂಡು ಕುಂತೀರಲ್ರಿ. ಒರತೆ. ಮುಂಜಾನೆಯಿಂದ ನಾನು ಅದನ್ನ ಅಂದ್ಕೋತ ಅದೀನಿ. ಭಾಳ ಚಲೋ ಐತ್ರಿ.”

ನಿನ್ನೆ ಡ್ಯೂಟಿ ಮುಗಿಸಿ ಇವರು ಕೂಸು ನೋಡಲು ಹೋಗಿದ್ದರಂತೆ. ‘ಓ’ ಅಕ್ಷರದಿಂದ ತಲೆ ಕೆಟ್ಟುಹೋಗಿದೆ ಎಂದು ಲಲಿತಾ ಗೋಳು ಹೇಳಿಕೊಂಡಳಂತೆ. ಇವರು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು, ನಿಮ್ಮ ಅಕ್ಕನ ಹತ್ತಿರ ಒಂದು ಹೆಸರಿದೆ ಎಂದರಂತೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಬಾಳೆಹಣ್ಣು ಕೊಟ್ಟ ಹಾಗೆ ಕೊಟ್ಟು ಬಂದಿದ್ದಾರೆ.

ಲಲಿತಾಳಿಗೆ ಏನೋ ಹೇಳಿ ಫೋನ್ ಇಟ್ಟೆ. ಮಧ್ಯಾಹ್ನ ಇವರು ಬಂದಾಗ ಚಹಾ ಕೂಡ ಇಡಲಿಲ್ಲ. ಯಾರನ್ನು ಕೇಳಿ ಹೇಳಿದಿರಿ, ಅದು ನನ್ನದು ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮರೆತು ಆರಾಮಾಗಿದ್ದವರಿಗೆ ಈಗ ಕೊಟ್ಟು ದೊಡ್ಡವರಾಗಬೇಕಿತ್ತೇನು ಎಂದೂ ಅಂದೆ. ಇವರು ಬೂಟು ಬಿಚ್ಚುತ್ತ ಕೇಳಿಸಿಕೊಂಡರು. ನಾನು ಉಸಿರಿಗೆ ನಿಂತಾಗ ಮಾತಾಡಿದರು.

“ನಿಂದಷ್ಟೇ ಅಲ್ಲ ಚಂದ್ರಾ, ನಂದೂ ಐತಿ ಅದು. ನಾನೇನು ಮರ್ತಿಲ್ಲ. ಶಿವರಾತ್ರಿ ದಿನ ನೀನು ಕೇಳಿದಾಗ ತಲಿ ಎತ್ತಿದ್ರ ಅಳು ಬರ್ತಿತ್ತು, ಅದಕ್ಕ ಎತ್ತಲಿಲ್ಲ. ಗಾಡಿ ಓಡಿಸುವಾಗ ದಿನಾ ಅಂದ್ಕೋತೀನಿ. ಯಾರನ್ನಾರ ಒಮ್ಮೆ ಬಾಯ್ತುಂಬ ಹಂಗ ಕರೀಬೇಕು ಅನ್ನಿಸ್ತೈತಿ ನನಗ. ಯಾವಾಗ ಕರೀಲಿ ಹೇಳು?”

ಹದಿನಾಲ್ಕು ವರ್ಷದ ಸಂಸಾರದಲ್ಲಿ ಇವರು ಇಷ್ಟು ಉದ್ದ ಮಾತಾಡಿದ್ದು ನೆನಪಿಲ್ಲ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು ನಾನು. ಆಗಲಿಲ್ಲ. ಹಾಗಿದ್ದರೆ ಬೇರೆ ಮದುವೆಯಾಗಿ ಕರೆದುಕೊಳ್ಳಿ ಎಂದೆ. ಇವರು ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು, ಉಣ್ಣದೆ, ಸಂಡೂರಿನ ಬಸ್ ಹತ್ತಿದರು.

ಚಪಾತಿ ಒಣಗಿ ಹಪ್ಪಳವಾಗಿವೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಏಪ್ರಿಲ್ ೧೪, ಸೋಮವಾರ

ಫೋನ್ ಮಾಡಿದೆ. ಎತ್ತಿದರು. ಊಟ ಆಯಿತಾ ಎಂದೆ, ಆಯಿತು ಎಂದರು. ತಪ್ಪಾಯಿತು ಎಂದೆ. ಗಾಡಿ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಏಪ್ರಿಲ್ ೨೦, ಭಾನುವಾರ

ಅವ್ವ ಕಂಪ್ಲಿಯಿಂದ ಒಬ್ಬಳೇ ಬಂದಿದ್ದಳು. ಬಸ್ಸಿನಲ್ಲಿ ಬಂದವಳು ಬರಿಗೈಯಲ್ಲಿ ಬರಲಿಲ್ಲ, ಹೊಸ ಅಕ್ಕಿಯ ಚೀಲ ಹೊತ್ತು ತಂದಿದ್ದಳು. ಅಕ್ಕಿ ತಂದರೆ ಅವ್ವನ ಹೊಟ್ಟೆಯಲ್ಲಿ ಏನೋ ಮಾತಿದೆ ಎಂದೇ ಅರ್ಥ.

ಹೆಸರಿನ ಕಥೆಯನ್ನೆಲ್ಲ ಇವರ ಬಾಯಿಂದಲೇ ಕೇಳಿಕೊಂಡಿದ್ದಳಂತೆ. ಮೊದಲು ಸುತ್ತಿ ಬಳಸಿ ಮಾತಾಡಿದಳು. ಆಚಾರ್ಯರು ಹೇಳಿದ್ದು ದೀರ್ಘ ಓ, ಇದು ಮೋಟು ಒ. ನಕ್ಷತ್ರ ನನ್ನ ಹಾಗೆ ಹ್ರಸ್ವ ದೀರ್ಘ ತಿದ್ದುತ್ತ ಕೂರುವುದಿಲ್ಲ ಅವ್ವ ಎಂದೆ. ಹಾಗಾದರೆ ಮಂದಿ ನಗುತ್ತಾರೆ, ಬೇಸಿಗೆ ಬಂದರೆ ಬಿಂದಿಗೆ ಹಿಡಿದುಕೊಂಡು ಬರಲೇನು ಎಂದು ಓಣಿಯ ಹುಡುಗರು ಕಾಡುತ್ತಾರೆ ಎಂದಳು. ಅದು ನಿಜ. ಆ ಅಂಜಿಕೆ ನನಗೂ ಇತ್ತು. ಒಲಿವಿಯಾಗಿಂತ ವಾಸಿ ಎಂದೆ. ಅವ್ವ ನಗಲಿಲ್ಲ. ಸೆರಗಿನ ತುದಿ ಹಿಂಡುತ್ತ ಕೊನೆಗೆ ಹೇಳಿದಳು.

“ಬರಲಾರದ ಕೂಸಿಗೆ ಇಟ್ಟ ಹೆಸರವ್ವ ಅದು. ಬಂದ ಕೂಸಿಗೆ ಇಡಾದು ಬ್ಯಾಡ. ನನಗ ಅಂಜಿಕಿ ಆಕ್ಕೈತಿ.”

ಹೇಳಿ ತಾನೇ ಅತ್ತಳು. ನನ್ನನ್ನು ನೋಯಿಸಲು ಬಂದವಳಲ್ಲ. ಮೊಮ್ಮಗಳ ಮೇಲಿನ ಜೀವ ಹಾಗೆ ಆಡಿಸುತ್ತದೆ. ನಾನು ಅವಳಿಗೆ ನೀರು ಕೊಟ್ಟೆ, ಉಪ್ಪಿಟ್ಟು ಮಾಡಿಕೊಟ್ಟೆ, ಬಸ್ ಹತ್ತಿಸಿ ಬಂದೆ. ಬಂದ ಮೇಲೆ ಆ ಅಕ್ಕಿಚೀಲದ ಮೇಲೆ ಕೂತು ಗಂಟಲು ಬಿಟ್ಟು ಅತ್ತೆ. ನನ್ನ ಒರತೆ ಯಾರಿಗೆ ಕೆಟ್ಟದ್ದು ಮಾಡಿದ್ದಳು? ಬಂದೇ ಇಲ್ಲವಲ್ಲ ಪಾಪ.

ವಿಚಿತ್ರ. ಇಷ್ಟು ದಿನ ನಾನೇ ಕೊಡುವುದಿಲ್ಲ ಎನ್ನುತ್ತಿದ್ದೆ. ಬೇಡ ಎಂದು ಅವ್ವ ಅಂದದ್ದಕ್ಕೆ ಇಷ್ಟು ಉರಿ ಯಾಕೆ ಹತ್ತಬೇಕು?

ಏಪ್ರಿಲ್ ೨೪, ಗುರುವಾರ

ರಜೆ ಶುರುವಾದದ್ದರಿಂದ ಹೊತ್ತು ಹೋಗುವುದಿಲ್ಲ. ಸಂಡೂರಿಗೆ ಹೋಗಿ ಬಂದೆ. ಕೂಸಿಗೆ ಎಣ್ಣೆ ಹಚ್ಚಿ ಎರೆದೆ. ನೀರು ಹಾಕುತ್ತಿದ್ದಂತೆ ಕಾಲು ಝಾಡಿಸುತ್ತದೆ, ಮುಗಿಸಿದರೆ ಅಳುತ್ತದೆ. ಹೆಸರಿನ ಮಾತು ಲಲಿತಾಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಏಪ್ರಿಲ್ ೨೭, ಭಾನುವಾರ

ಮತ್ತೆ ಹೋಗಿದ್ದೆ. ಹಳೆಯ ವಾಯಿಲ್ ಸೀರೆ ಹರಿದು ಎರಡು ಕುಲಾವಿ ಹೊಲಿದುಕೊಟ್ಟೆ. ಒಂದು ದೊಡ್ಡದಾಯಿತು. ಮಳೆಗಾಲಕ್ಕೆ ಸರಿಹೋಗುತ್ತದೆ.

ಇವರೂ ಅಲ್ಲಿಗೇ ಬಂದಿದ್ದರು. ಒಂದೇ ಬಸ್ಸಿನಲ್ಲಿ ಹೊಸಪೇಟೆಗೆ ಬಂದೆವು. ಕಿಟಕಿಯ ಕಡೆ ನನ್ನನ್ನು ಕೂರಿಸಿದರು.

ಮೇ ೪, ಭಾನುವಾರ

ಲಲಿತಾ ಫೋನ್ ಮಾಡಿದ್ದಳು. ಈ ಸಲ ದನಿಯಲ್ಲಿ ನಗು ಇರಲಿಲ್ಲ.

ಒರತೆ ಬೇಡ, ಓಜಸ್ವಿ ಎಂದೇ ಇಡುತ್ತೇವೆ ಎಂದಳು. ನಮ್ಮ ಅವ್ವನ ಮಾತಿಗೆ ಹೆದರಿ ಅಲ್ಲವಂತೆ, ಮಂದಿ ನಗುತ್ತಾರೆ ಎಂದೂ ಅಲ್ಲವಂತೆ. ಹಾಗಿದ್ದರೆ ಯಾಕೆ ಎಂದೆ.

“ನೀವು ಬಾಯಿಬಿಟ್ಟು ಕೊಟ್ಟಿಲ್ಲಲ್ರಿ ಅಕ್ಕಾ. ಮಾಮಾ ಹೇಳ್ಯಾರ, ನೀವು ಹೇಳಿಲ್ಲ. ನಿಮ್ಮ ಮಗಳಿಂದು ಕಸ್ಕೊಂಡಂಗ ಆಕ್ಕೈತಿ. ನಿಮ್ಮದು ನಿಮ್ಮ ಹಂತ್ಯಾಕ ಇರ್ಲಿ ಬಿಡ್ರಿ.”

ನಿಮ್ಮ ಮಗಳು ಅಂದಳು. ಹಾಗೆ ಯಾರೂ ಅಂದಿರಲಿಲ್ಲ ಈವರೆಗೆ. ಹೂಂ ಎಂದೆ.

ಅಂತೂ ಹೆಸರು ನನ್ನ ಹತ್ತಿರವೇ ಉಳಿಯಿತು. ನನಗೆ ಬೇಕಾದದ್ದು ಅದೇ ಅಲ್ಲವೇ? ಸಮಾಧಾನವಾಯಿತು. ಮಧ್ಯಾಹ್ನವೆಲ್ಲ ಮನೆ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಮೇ ೧೨, ಸೋಮವಾರ

ಪಂಪೇಶ ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಫ್ಲೆಕ್ಸ್ ಮಾಡಿಸಲು ಹೊಸಪೇಟೆಗೆ ಬಂದಿದ್ದ. ಮೊಬೈಲಿನಲ್ಲಿ ತೋರಿಸಿದ. ಕೂಸಿನ ಫೋಟೋ ಅಂಗೈ ಅಗಲ, ಕಪ್ಪು ಕನ್ನಡಕ ಹಾಕಿದ ಇವನ ಫೋಟೋ ಆಳೆತ್ತರ, ಕೆಳಗೆ ಆಟೋ ಸ್ಟ್ಯಾಂಡಿನ ಗೆಳೆಯರ ಸಾಲು. ನಡುವೆ ಬಂಗಾರದ ಬಣ್ಣದಲ್ಲಿ ‘ಓಜಸ್ವಿ’. ಹೇಗಿದೆ ಅಕ್ಕ ಎಂದ. ಮಸ್ತ್ ಇದೆ ಎಂದೆ.

ಅವನು ಹೋದ ಮೇಲೆ ಓಜಸ್ವಿ, ಓಜಸ್ವಿ ಎಂದು ಬಾಯಿಪಾಠ ಮಾಡಿದೆ. ತೊಟ್ಟಿಲ ಮುಂದೆ ತೊದಲಬಾರದಲ್ಲ. ಹೆಸರಿಗೇನೂ ಕುಂದಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬಳಿದ್ದಾಳೆ, ಜಾಣೆ.

ಮೇ ೧೮, ಭಾನುವಾರ

ಸಂಡೂರಿನಿಂದ ಬಂದು ಸೀರೆಯನ್ನೂ ಬದಲಾಯಿಸಿಲ್ಲ. ಬೆನ್ನು ನೋಯುತ್ತಿದೆ. ಮೊದಲು ಬರೆದುಬಿಡುತ್ತೇನೆ.

ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಮೊದಲು ರುಬ್ಬುಗುಂಡಿಗೆ ಕುಲಾವಿ ಹಾಕಿ ತೂಗಿದರು, ಆಮೇಲೆ ಕೂಸನ್ನು ತೊಟ್ಟಿಲ ಮೇಲಿಂದ ಕೊಟ್ಟು ಕೆಳಗಿಂದ ತೆಗೆದುಕೊಂಡು ಮಲಗಿಸಿದರು. ಹೆಂಗಸರೆಲ್ಲ ಸೇರಿದ್ದರು, ಗಂಡಸರು ಬಾಗಿಲ ಹೊರಗೆ. ಅತ್ತೆ ಬರಲಿ ಎಂದರು. ಅವ್ವನೇ ನನ್ನ ತೋಳು ಹಿಡಿದು ಮುಂದೆ ತಂದು ನಿಲ್ಲಿಸಿದಳು. ಈ ಸಲ ನನ್ನದೇ ಮೊದಲ ಸಾಲು.

ಓಜಸ್ವಿ ಎನ್ನಲೆಂದೇ ಬಗ್ಗಿದೆ. ದೇವರಾಣೆಗೂ ಅದನ್ನೇ ಹೇಳಲು ಬಗ್ಗಿದ್ದು. ಕೂಸು ಎಚ್ಚರವಾಗಿತ್ತು. ಕಿವಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ಕುರ್ರ್ ಎಂದೆ. ಅದು ಬೆಚ್ಚಿ ನನ್ನ ಕಡೆ ಕಣ್ಣರಳಿಸಿತು. ಅಷ್ಟರಲ್ಲಿ ಬಾಗಿಲ ಆಚೆ ಇವರು ಕೆಮ್ಮಿದ್ದು ಕೇಳಿಸಿತು. ಮೈನ್ಸ್ ಧೂಳಿನ ಕೆಮ್ಮು, ಸಾವಿರ ಜನರಲ್ಲಿದ್ದರೂ ನನಗೆ ಗೊತ್ತಾಗುತ್ತದೆ. ಇವರು ಅಲ್ಲಿ ನಿಂತು ಕೇಳುತ್ತಿದ್ದಾರೆ ಎನ್ನಿಸಿತು. ಈ ಕಿವಿಗೆ ಹೇಳದಿದ್ದರೆ ಇನ್ನು ಯಾವ ಕಿವಿಗೂ ಹೇಳುವುದಿಲ್ಲ ನಾನು.

ಒರತೆ ಎಂದೆ. ಮೂರು ಸಲ.

ಬೆನ್ನಿಗೆ ಗುದ್ದುಗಳು ಬಿದ್ದವು. ಸಂಡೂರಿನ ಹೆಂಗಸರ ಕೈ ಭಾರ. ಏನಂದೆ, ಏನಂದೆ ಎಂದು ನಗುತ್ತ ಕೇಳಿದರು. ನಾನು ತೊಟ್ಟಿಲ ಆ ಬದಿಯಲ್ಲಿದ್ದ ಲಲಿತಾಳನ್ನೇ ನೋಡುತ್ತಿದ್ದೆ. ಅವಳಿಗೆ ಕೇಳಿಸಿತ್ತು. ಕಣ್ಣು ತುಂಬಿ ಬಂದಿತ್ತು.

“ಜೋರಾಗಿ ಹೇಳ್ರಿ ಅಕ್ಕಾ, ಎಲ್ಲಾರಿಗೂ ಕೇಳ್ಲಿ,” ಎಂದಳು.

ಜೋರಾಗಿ ಹೇಳಿದೆ. ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. ಯಾರೋ ಕಿಸಕ್ಕೆಂದರು. ಇನ್ನ್ಯಾರೋ, ಹೊರಗೆ ಬೋರ್ಡಿನಲ್ಲಿ ಬೇರೆ ಇದೆಯಲ್ಲ ಎಂದರು. ಎಲ್ಲರೂ ಅವ್ವನ ಮುಖ ನೋಡಿದರು. ನಾನು ನೋಡಲಿಲ್ಲ, ಧೈರ್ಯ ಆಗಲಿಲ್ಲ.

“ಅತ್ತಿ ಕಿವ್ಯಾಗ ಹೇಳಿದ್ದು ತಿರುಗಿ ತಗಳ್ಳಂಗಿಲ್ಲ,” ಎಂದಳು ಅವ್ವ. “ಆತು. ಸಕ್ಕರಿ ಹಂಚ್ರಿ.” ಅಷ್ಟೇ ಹೇಳಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಬಹಳ ಹೊತ್ತು ಒಬ್ಬಳೇ ಇದ್ದಳು. ಊಟಕ್ಕೆ ಕೂತಾಗ ನನ್ನ ಎಲೆಗೆ ಕೇಳದೆಯೇ ತುಪ್ಪ ಬಡಿಸಿದಳು. ಕ್ಷಮಿಸಿದ್ದಾಳೋ ಇಲ್ಲವೋ ಅದರಿಂದ ಹೇಳಲಾಗದು.

ಫ್ಲೆಕ್ಸಿನದೊಂದು ಬೇರೆಯೇ ಪ್ರಹಸನ. ಪಂಪೇಶ ಬಂಗಾರದ ಹೆಸರಿನ ಮೇಲೆ ಬಿಳಿ ಹಾಳೆ ಅಂಟಿಸಿ, ಗೆಳೆಯನ ಕೈಯಿಂದ ದಪ್ಪ ಅಕ್ಷರದಲ್ಲಿ ಬರೆಸಿದ. ‘ವರತೆ’ ಎಂದು! ನಮ್ಮ ಕಡೆಯವರಿಗೆ ಒ ಮತ್ತು ವ ಒಂದೇ, ಎಷ್ಟು ತಿದ್ದಿಸಿದರೂ ‘ವಂದು’ ಎಂದೇ ಬರೆಯುತ್ತಾರೆ. ಹೊಸ ಸೀರೆಯಲ್ಲೇ ಸ್ಟೂಲ್ ಹತ್ತಿ ನಾನೇ ತಿದ್ದಿ ಇಳಿದೆ.

ಜನ ಕರಗಿದ ಮೇಲೆ ಇವರು ತೊಟ್ಟಿಲ ಹತ್ತಿರ ಬಂದರು. ಕೂಸನ್ನು ಎತ್ತಿ ಮುಖದ ಮುಂದೆ ಹಿಡಿದರು. ಕರೆದರು. ಬಾಯ್ತುಂಬ ಎಂದಿದ್ದರಲ್ಲ, ಬಾಯ್ತುಂಬ ಬರಲಿಲ್ಲ, ಅರ್ಧಕ್ಕೇ ದನಿ ಒಡೆಯಿತು. ಮತ್ತೆ ಕರೆದರು. ನಾನು ತಟ್ಟೆ ಎತ್ತುವ ನೆಪದಲ್ಲಿ ಒಳಗೆ ಹೋದೆ.

ಮೇ ೧೯, ಸೋಮವಾರ

ಬಟ್ಟೆ ಮಡಿಸುವಾಗ ಅಭ್ಯಾಸಬಲದಿಂದ ಒಳಗೊಳಗೇ ಕರೆದೆ. ಹನ್ನೆರಡು ವರ್ಷದ ಹುಡುಗಿ ಬರಲಿಲ್ಲ. ಎಣ್ಣೆ ಮೈಯ ಕೂಸು ಕಣ್ಣಮುಂದೆ ಬಂತು.

ಆ ನನ್ನ ಹುಡುಗಿಯನ್ನು ಇನ್ನು ಏನೆಂದು ಕರೆಯಲಿ? ಅವಳಿಗೆ ಒಂದು ಹೆಸರಾದರೂ ಇತ್ತು. ಅದನ್ನೂ ಕೊಟ್ಟುಬಿಟ್ಟೆ. ಬೇಕು ಎನ್ನಿಸುತ್ತದೆ ಅವಳು. ಈಗಲೂ ಬೇಕು.

ಜೂನ್ ೨, ಸೋಮವಾರ

ಶಾಲೆ ಶುರು. ಹೊಸ ಮಕ್ಕಳ ಹಾಜರಿ ಕರೆದೆ. ಈ ವರ್ಷ ಇಬ್ಬರೇ ಹಂಪೇಶರು. ಒಬ್ಬಳು ಅವ್ವನ ಸೆರಗು ಬಿಡದೆ ಅಳುತ್ತಿದ್ದಳು, ಹೆಸರು ಕೇಳಿದರೆ ‘ಚಿನ್ನಿ’ ಎನ್ನುತ್ತಾಳೆ, ಬೇರೆ ಹೆಸರಿದೆ ಎಂಬುದೇ ಗೊತ್ತಿಲ್ಲ.

ಆಗಸ್ಟ್ ೧೦, ಭಾನುವಾರ

ಲಲಿತಾ ಕೂಸಿನ ಸಮೇತ ಕಂಪ್ಲಿಗೆ ವಾಪಸಾಗಿದ್ದಾಳೆ. ಹೊಳೆ ದಂಡೆ ತುಂಬಿ ಹರಿಯುತ್ತಿದೆಯಂತೆ. ಕೂಸಿಗೆ ಮೂಗು ಕಟ್ಟಿದೆ, ರಾತ್ರಿ ನಿದ್ದೆ ಇಲ್ಲವಂತೆ. ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡುವುದನ್ನು 
ಫೋನಿನಲ್ಲೇ ಹೇಳಿಕೊಟ್ಟೆ. ಇವರು ನನ್ನ ಪಕ್ಕದಲ್ಲಿ ಕೂತು, ಬಿಸಿ ಇರಬಾರದು ಎಂದು ಹೇಳು, ಎಂದು ಎರಡು ಸಲ ಅಂದರು.

ನವೆಂಬರ್ ೧೬, ಭಾನುವಾರ

ಕಂಪ್ಲಿಗೆ ಹೋಗಿದ್ದೆವು, ಇಬ್ಬರೂ. ಭತ್ತ ಕೊಯ್ಲಿನ ಕಾಲ, ಊರೆಲ್ಲ ಹೊಟ್ಟಿನ ಧೂಳು.

ಕೂಸು ಈಗ ಅಂಬೆಗಾಲಿಡುತ್ತದೆ. ಇಡುವುದೇನು, ಓಡುತ್ತದೆ. ಅಂಗಳದಲ್ಲಿ ಕೂತಿದ್ದೆವು. ಒಳಗಿನಿಂದ ಬಂದ ಅವ್ವ ಇದ್ದಕ್ಕಿದ್ದಂತೆ ಕೂಗಿಕೊಂಡಳು.

“ಲೇ ಒರತಿ, ಬಾಯಾಗ ಏನೈತಲೇ? ಉಗುಳು. ಮಣ್ಣು ತಿಂತೈತಿ ನೋಡು ಹಾಟ್ಗಳ್ಳಿ.”

ಆ ಹೆಸರಿಗೆ ಬೈಗುಳ ಹತ್ತಿದ್ದನ್ನು ಕೇಳಿದ್ದು ಅದೇ ಮೊದಲು. ನನ್ನವಳನ್ನು ಇಷ್ಟು ವರ್ಷ ಯಾರೂ ಬೈದಿರಲಿಲ್ಲ, ನಾನೂ ಬೈದಿರಲಿಲ್ಲ. ಬೈಯುವಂಥದ್ದನ್ನು ಅವಳು ಏನೂ ಮಾಡಿರಲಿಲ್ಲ. ಮಣ್ಣು ತಿನ್ನಲಿಲ್ಲ, ಬೀಳಲಿಲ್ಲ, ಅವಳ ಮೂಗೂ ಕಟ್ಟಲಿಲ್ಲ.

ಕೂಸು ಅವ್ವನ ಕೂಗಿಗೆ ಕ್ಯಾರೇ ಎನ್ನಲಿಲ್ಲ. ನಮಗೆ ಬೆನ್ನು ಮಾಡಿಕೊಂಡು ಮತ್ತೆ ಹಿಡಿ ತುಂಬಿಕೊಳ್ಳುತ್ತಿತ್ತು. ನಾನು ಕರೆದೆ. ಬೈಯುವ ದನಿಯಲ್ಲೇ ಕರೆದೆ, ನನ್ನ ಟೀಚರ್ ದನಿ. “ಒರತೆ.”

ತಿರುಗಿತು. ನನ್ನ ಮುಖವನ್ನೇ ನೋಡಿತು. ಹೆಸರು ತನ್ನದೆಂದು ಅದಕ್ಕೆ ಗೊತ್ತು. ತುಟಿಯ ಸುತ್ತ ಮಣ್ಣು, ಕೆಳಗೆ ಎರಡು ಹಲ್ಲು. ನಕ್ಕು, ಮೊಣಕಾಲೂರಿ ನನ್ನ ಕಡೆ ಬರತೊಡಗಿತು. ನಾನು ಎರಡೂ ಕೈ ಚಾಚಿದೆ. ಪಕ್ಕದಲ್ಲಿ ಕೂತಿದ್ದ ಇವರು ನನ್ನ ಕಡೆ ಸರಿದು ಕೂತರು.

ಹತ್ತಿರ ಬಂದಾಗ ತಿಳಿಯಿತು. ಅದರ ಕಣ್ಣು ನನ್ನನ್ನು ದಾಟಿ ಹಿಂದೆ ಹೋಗಿತ್ತು. ಹೊಸಿಲಲ್ಲಿ ಲಲಿತಾ ಬಂದು ನಿಂತಿದ್ದಳು.

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಕಾಲು ಮಡಿಸಿ, ದಾರಿ ಬಿಟ್ಟೆ.